ಕಡ್ಡಿ ಮೈ, ಹಾಲಿಗೆ ಕಲಸಿದ ಪುಡಿ: ಹಾವೇರಿ ಕಡೆಯ ಒಂದು ಪ್ರಕರಣ

ರೋಗಿಗೆ 28 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು, ರಾಣೇಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಕೆಲಸ. ಮನೆಗೆ ನಾಲ್ಕು ಎಕರೆ ಹೊಲ, ಹೆಚ್ಚಿನ ಭಾಗ ಗೋವಿನಜೋಳ. ಗುರುತು ಸಿಗದಂತೆ ಊರು, ವೃತ್ತಿ, ನೆಂಟಸ್ತಿಕೆಯ ವಿವರಗಳನ್ನು ಬದಲಿಸಿದ್ದೇನೆ. ಹೆಸರಿನ ಗೊಡವೆ ಬೇಡ. ಇಲ್ಲಿ ಅವನು ‘ಹುಡುಗ’.

ಬಂದಾಗಿನ ಸ್ಥಿತಿ

ನವರಾತ್ರಿಯ ನಡುವೆ ಒಂದು ಬೆಳಿಗ್ಗೆ ಮನೆಯವರು ಅವನನ್ನು ಟಂಟಂನಲ್ಲಿ ಮಲಗಿಸಿಕೊಂಡು ದವಾಖಾನೆಗೆ ತಂದರು. ಎರಡು ದಿನದಿಂದ ವಾಂತಿ, ನಿಲ್ಲಲಾರದಷ್ಟು ಸುಸ್ತು, ಮೈಕೈ ನೋವು. ಜ್ವರವಿಲ್ಲ, ಭೇದಿಯಿಲ್ಲ. ರಕ್ತದೊತ್ತಡ 80/50, ಬೆರಳ ತುದಿಯಿಂದ ತೆಗೆದ ಸಕ್ಕರೆ 54. ಊಟ ಬಿಟ್ಟ ಮನುಷ್ಯನಿಗೆ ಸಕ್ಕರೆ ಇಳಿಯುವುದುಂಟು. ಆದರೆ 28ರ ಪ್ರಾಯದವನಿಗೆ ಎರಡು ದಿನದ ವಾಂತಿಗೆ ಇಷ್ಟು ಇಳಿಯುವುದು ಅಪರೂಪ.

ನೋಡಲು ಮಾತ್ರ ಪುಷ್ಟ ಆಳು. ಗುಂಡು ಮುಖ, ಕೆಂಪೇರಿದ ಕೆನ್ನೆ, ಕುತ್ತಿಗೆಯ ಹಿಂದೆ ಕೊಬ್ಬಿನ ದಿಂಡು. ಅಂಗಿ ಎತ್ತಿದರೆ ಹೊಟ್ಟೆಯ ಎರಡೂ ಬದಿಗೆ ಬೆರಳಗಲದ ನೇರಳೆ ಗೆರೆಗಳು. ಬೆನ್ನ ತುಂಬ ಮೊಡವೆ, ಸೊಂಟದ ಸುತ್ತ ಗಜಕರ್ಣ. ಕೈಕಾಲು ನೋಡಿದರೆ ಬೇರೆ ಯಾರದೋ ಎನ್ನುವ ಹಾಗೆ ಸಣಕಲು. ಇಷ್ಟು ಒಟ್ಟಿಗೆ ಕಂಡ ಮೇಲೆ ವೈದ್ಯನಾದವನು ಕೇಳುವುದು ಒಂದೇ ಪ್ರಶ್ನೆ.

“ಏನರ ಔಷಧ ತಗೊಳ್ತಾನೇನ್ರಿ?”

“ಏನೂ ಇಲ್ರಿ ಸರ್,” ಎಂದರು ತಾಯಿ. “ಗುಳಿಗಿ ಅಂದ್ರ ಮಾರಿ ತಿರುವ್ತಾನ.”

ಆಕೆ ಸುಳ್ಳು ಹೇಳಲಿಲ್ಲ. ಆರು ತಿಂಗಳಿಂದ ರಾತ್ರಿ ಹಾಲಿಗೆ ಕಲಸಿ ಕೊಡುತ್ತಿದ್ದ ಪುಡಿ ಆಕೆಯ ಲೆಕ್ಕದಲ್ಲಿ ಔಷಧವಲ್ಲ, ಅನ್ನ. ಅದು ಹೊರಬಿದ್ದದ್ದು, ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡಿನ 100 ಮಿಲಿಗ್ರಾಂ ಚುಚ್ಚುಮದ್ದು, ಗ್ಲುಕೋಸು, ಸಲೈನು ಕೊಟ್ಟು, ಹುಡುಗ ಕಣ್ಣು ಬಿಟ್ಟು ಮಾತಾಡಿದ ಮೇಲೆ. ಚುಚ್ಚುಮದ್ದು ಕೊಟ್ಟ ಒಂದೆರಡು ತಾಸಿನಲ್ಲಿ ಒತ್ತಡ 110ಕ್ಕೆ ಬಂತು. ಅದೇ ಅರ್ಧ ರೋಗನಿರ್ಣಯ. ಚುಚ್ಚುಮದ್ದಿಗೆ ಮುಂಚೆ ತೆಗೆದಿಟ್ಟಿದ್ದ ರಕ್ತದ ಜೊತೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆವು.

ಪುಡಿಗೆ ಮುಂಚೆ

ಹುಡುಗನ ಎತ್ತರ 168 ಸೆಂ.ಮೀ. ಯುಗಾದಿಯ ಹೊತ್ತಿಗೆ ತೂಕ 51 ಕೆ.ಜಿ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 18ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಕೆಳಗಿನ ಗೆರೆ 18.5. ಅಂದರೆ ತೆಳ್ಳಗಿದ್ದ, ಅಷ್ಟೇ. ಶಾಲೆಯಿಂದಲೂ ಹಾಗೇ. ಅಪ್ಪ ಹಾಗೆ, ಅಪ್ಪನ ಅಪ್ಪನೂ ಹಾಗೆ. ಜೋಳದ ರೊಟ್ಟಿ ನಾಲ್ಕು ತಿನ್ನುವವ, ಬೀಜದ ಚೀಲ ಹೊತ್ತು ಏಣಿ ಹತ್ತುವವ. ದೀಪಾವಳಿಯ ನಂತರ ಈ ಕಡೆ ಕೊಬ್ಬರಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದಲ್ಲ, ಅದರಲ್ಲಿ ಓಡುವ ಹೋರಿಯ ಮೈಯಿಂದ ಕೊಬ್ಬರಿ ಹರಿಯುವುದರಲ್ಲಿ ಅವನಿಗೆ ಊರಲ್ಲಿ ಹೆಸರಿತ್ತು. ಆ ಆಟಕ್ಕೆ ದಪ್ಪ ಮೈ ಕೆಲಸಕ್ಕೆ ಬಾರದು. ಕಡ್ಡಿ ಮೈಯೇ ಬೇಕು.

ಮೈ ಕೆಟ್ಟದ್ದಾಗಿ ಕಾಣತೊಡಗಿದ್ದು ಕನ್ಯೆ ಹುಡುಕಲು ಶುರು ಮಾಡಿದ ಮೇಲೆ. ವಾಟ್ಸ್‌ಆಪ್‌ನಲ್ಲಿ ಬಯೋಡಾಟಾ ಹರಿದಾಡಿತು. ಒಂದೆರಡು ಕಡೆಯಿಂದ ಉತ್ತರವೇ ಬರಲಿಲ್ಲ. ಮೂರು ಮನೆಯವರು ಬಂದು, ಅವಲಕ್ಕಿ ತಿಂದು, ಚಾ ಕುಡಿದು, ಆಮೇಲೆ ಮಧ್ಯಸ್ಥನ ಕೈಲಿ ಹೇಳಿ ಕಳಿಸಿದರು. ಮೊದಲನೆಯವರು: “ಹುಡುಗ ಭಾಳ ಸಣ್ಣ ಅದಾನ್ರಿ, ನಮ್ಮ ಹುಡುಗಿ ಮುಂದ ತಮ್ಮನಂಗ ಕಾಣ್ತಾನ.” ಎರಡನೆಯವರು: “ಉಂಡದ್ದು ಮೈಗೆ ಹತ್ತಿಲ್ಲ.” ಮೂರನೆಯವರು ಮಾತು ಮುಂದುವರಿಸುವ ಮೊದಲು ಒಂದು ಷರತ್ತು ಹಾಕಿದರು: “ಹುಡುಗನ ರಗತ ತಪಾಸಣಿ ಮಾಡಿಸ್ರಿ.”

ಆ ಮೂರನೆಯ ಮಾತಿನ ತೂಕ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗುರುತಿಸಿದ್ದ ಕಾಲವೊಂದಿತ್ತು. ಉತ್ತರ ಕರ್ನಾಟಕದಲ್ಲಿ, ಅದರಲ್ಲೂ ಬೆಳಗಾವಿ, ಬಾಗಲಕೋಟೆ ಕಡೆ, ಅದರ ಹೊಡೆತ ಜೋರಾಗಿತ್ತು. 2000ದ ಆಚೀಚಿನ ಆ ವರ್ಷಗಳಲ್ಲಿ ಒಣಗಿ ಒಣಗಿ ಹೋದವರನ್ನು ಕಂಡ ತಲೆಮಾರು ಈಗ ಮಗಳಿಗೆ ಗಂಡು ನೋಡುತ್ತಿದೆ. ಕ್ಷಯದ ನೆನಪಂತೂ ಅದಕ್ಕಿಂತ ಹಳೆಯದು. ಹಾಗಾಗಿ ಇಲ್ಲಿ ತೆಳ್ಳಗಿನ ಗಂಡಸಿನ ಮೈ ನೋಡಿದ ಕೂಡಲೇ ಬರುವ ಪ್ರಶ್ನೆ ಚೆಂದದ್ದಲ್ಲ, ಬ್ಯಾನಿಯದು. ಹುಡುಗ ರಕ್ತ ಪರೀಕ್ಷೆ ಮಾಡಿಸಿಕೊಂಡ. ಎಲ್ಲ ಸರಿಯಿತ್ತು. ಆ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ; ತೋರಿಸಿದರೆ ಮಾಡಿಸಿದ್ದು ಯಾಕೆಂಬ ಪ್ರಶ್ನೆ ಏಳುತ್ತದೆ. ಮದುವೆಗೆ ಮುಂಚೆ ಎರಡೂ ಕಡೆಯವರು ರಕ್ತ ತೋರಿಸಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಮೈ ಸಣ್ಣಗಿದ್ದವನಿಗೆ ಮಾತ್ರ ಅದನ್ನು ವಿಧಿಸುವುದಕ್ಕೆ ಅಡ್ಡಿಯಿದೆ.

ಇನ್ನೊಂದು ಮಾತು. ಆ ಮೂರು ಮನೆಯವರಿಗೂ ನಿಜವಾದ ಅಡ್ಡಿ ಮೈಯದಾಗಿರಲಿಲ್ಲ ಎಂಬುದು ನನ್ನ ಊಹೆ. ನಾಲ್ಕು ಎಕರೆ ಮಳೆಯಾಶ್ರಿತ ಹೊಲ, ಖಾಯಂ ಅಲ್ಲದ ನೌಕರಿ, ಹಳ್ಳಿ ವಾಸ. ಓದಿದ ಹೆಣ್ಣುಮಕ್ಕಳು ಇದನ್ನು ಬೇಡವೆನ್ನುತ್ತಾರೆ, ಅದು ಅವರ ಹಕ್ಕು. ಆದರೆ ಹಾಗಂತ ಮುಖಕ್ಕೆ ಹೇಳುವುದು ಸಂಬಂಧ ಕೆಡಿಸುವ ಮಾತು. ‘ಹುಡುಗ ಸಣ್ಣ ಅದಾನ’ ಎಂದರೆ ಯಾರಿಗೂ ಬೇಜಾರಿಲ್ಲ, ಹುಡುಗನೊಬ್ಬನಿಗೆ ಬಿಟ್ಟು. ಮನೆಯವರ ದೃಷ್ಟಿಯಲ್ಲೂ ಮೈಯ ಮೇಲೆ ತಪ್ಪು ಬೀಳುವುದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಹೊಲವನ್ನು ಎಂಟು ಎಕರೆ ಮಾಡಲಾಗದು, ಸರ್ಕಾರಿ ನೌಕರಿ ತರಲಾಗದು. ಮೈಯನ್ನು ಮೂರು ತಿಂಗಳಲ್ಲಿ ಬದಲಿಸಿಕೊಡುತ್ತೇನೆ ಅನ್ನುವವರು ಸಂತೆಯಲ್ಲೇ ಕೂತಿದ್ದಾರೆ.

ಗಂಡಸರಿಗೂ ಈಗ ಬಿಸಿ ತಾಗಿತು, ಹೆಣ್ಣುಮಕ್ಕಳು ಇಷ್ಟು ದಿನ ಅನುಭವಿಸಿದ್ದು ಗೊತ್ತಾಗಲಿ ಎನ್ನುವವರಿದ್ದಾರೆ. ನನಗೆ ಅದರಲ್ಲಿ ನ್ಯಾಯ ಕಾಣುವುದಿಲ್ಲ.

ತಾಯಿ

ಈ ಪ್ರಕರಣದಲ್ಲಿ ಹುಡುಗನಿಗಿಂತ ಹೆಚ್ಚು ಮಾತು ಕೇಳಿದವರು ಆತನ ತಾಯಿ. ಮಗನ ಮೈ ಸಣ್ಣಗಿದ್ದರೆ ನಮ್ಮಲ್ಲಿ ತಪ್ಪಿತಸ್ಥಳು ಯಾರೆಂದು ಹೇಳಬೇಕಿಲ್ಲ. “ಮನಿಯಾಗ ಹಾಲು-ಹೈನ ಇಲ್ಲೇನಬೇ?” ಎಂದು ನಾದಿನಿ ಕೇಳಿದ್ದು, “ಎಮ್ಮಿ ಕಟ್ಟೀರಿ, ಹಾಲೆಲ್ಲ ಡೇರಿಗೇ ಹಾಕ್ತೀರೇನು?” ಎಂದು ನೆರೆಮನೆಯ ಮುದುಕಿ ಚೇಷ್ಟೆ ಮಾಡಿದ್ದು, ಎಲ್ಲವೂ ಆಕೆಗೆ ಬಾಯಿಪಾಠ. ಒಂದೊಂದನ್ನೂ ಯಾವ ಹಬ್ಬದಲ್ಲಿ, ಯಾರ ಮನೆಯ ಕಟ್ಟೆಯ ಮೇಲೆ ಎಂದು ಹೇಳಿದರು.

ಅಮೆರಿಕದ ಮನೋವೈದ್ಯೆ, ಮಾನವಶಾಸ್ತ್ರಜ್ಞೆ ಆನ್ ಬೆಕರ್ ಫಿಜಿ ದ್ವೀಪಗಳಲ್ಲಿ ಮಾಡಿದ ಕೆಲಸ ಇಲ್ಲಿ ನೆನಪಾಗುತ್ತದೆ. 1995ರಲ್ಲಿ ಆ ಭಾಗಕ್ಕೆ ಟಿವಿ ಬಂದ ಮೇಲೆ ಹುಡುಗಿಯರಲ್ಲಿ ತೆಳ್ಳಗಾಗುವ ಹಂಬಲ ಹೆಚ್ಚಿತೆಂದು ಎಲ್ಲರೂ ಉಲ್ಲೇಖಿಸುವುದು ಆಕೆಯ ಅಧ್ಯಯನವನ್ನೇ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಟಿವಿಗೆ ಮುಂಚಿನ ಭಾಗ. ಅಲ್ಲಿ ತುಂಬಿದ ಮೈ ಎಂದರೆ ಆ ಮನುಷ್ಯನನ್ನು ಅವನ ಜನ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂಬುದಕ್ಕೆ ಸಾಕ್ಷಿ. ಸೊರಗಿದರೆ ಮಾನ ಹೋಗುವುದು ಮನೆಯವರದು. ಊಟ ಸೇರದವರಿಗೆ ಮನೆಯವರೇ ಗಿಡಮೂಲಿಕೆಯ ಮದ್ದು ಕುಡಿಸುತ್ತಿದ್ದರು. ನಮ್ಮ ಹಳ್ಳಿಯ ಅಡುಗೆಮನೆಗೂ ಇದಕ್ಕೂ ಏನೂ ಅಂತರವಿಲ್ಲ.

ಮೈಯ ಬಗ್ಗೆ ಒತ್ತಡ ಬರುವ ದಾರಿಗಳನ್ನು ಮನೋವಿಜ್ಞಾನಿ ಥಾಂಪ್ಸನ್ ಮತ್ತು ಜೊತೆಗಾರರು 1999ರಲ್ಲಿ ಮೂರಾಗಿ ವಿಂಗಡಿಸಿದರು: ಮನೆಯವರು, ಓರಗೆಯವರು, ಮಾಧ್ಯಮ. ಈಗ ಯಾವುದಕ್ಕೂ ಮೊಬೈಲಿನ ಮೇಲೆ ಹೊರೆ ಹೊರಿಸುವುದು ರೂಢಿ. ಈ ಹುಡುಗ ಜಿಮ್ಮಿನ ಮುಖ ನೋಡಿದವನಲ್ಲ, ಸಿನಿಮಾ ನಟರ ಮೈಕಟ್ಟಿನ ಮೇಲೆ ಆಸೆಪಟ್ಟವನಲ್ಲ. ಮೊಬೈಲಿನ ಪಾತ್ರ ಒಂದೇ, ಬಯೋಡಾಟಾದ ಫೋಟೊ. ಉಳಿದೆಲ್ಲ ಕಟ್ಟೆ, ಬಸ್ಸು, ಸೀಮಂತ, ಗೃಹಪ್ರವೇಶಗಳಲ್ಲಿ ಬಾಯಿಂದ ಬಾಯಿಗೆ ನಡೆದದ್ದು.

ಡಬ್ಬಿ

ಪುಡಿ ತಂದವರು ತಾಯಿಯ ತಮ್ಮ. ಒಂದು ಊರಿನ ಸಂತೆಯಲ್ಲಿ ಸಿಕ್ಕಿದ್ದು. ತಿಂಗಳಿಗೊಂದು ಡಬ್ಬಿ, 1,800 ರೂಪಾಯಿ. ಮೇಲೆ ಅಶ್ವಗಂಧದ ಚಿತ್ರ, ಜಟ್ಟಿಯೊಬ್ಬನ ಚಿತ್ರ, ‘ನೂರಕ್ಕೆ ನೂರು ಗಿಡಮೂಲಿಕೆ’ ಎಂಬ ಬರಹ. ಆಯುರ್ವೇದದ ಔಷಧವಾದರೆ ತಯಾರಕರ ಹೆಸರು-ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. ಆಹಾರವೆಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಇದರಲ್ಲಿ ಯಾವುದೂ ಇರಲಿಲ್ಲ. ಒಂದು ಮೊಬೈಲ್ ನಂಬರ್ ಇತ್ತು. ಡಬ್ಬಿಯ ಜೊತೆಗೆ ಚೀಟಿಯಿಲ್ಲದ ಪೊಟ್ಟಣದಲ್ಲಿ ಎರಡು ಬಗೆಯ ಪುಟ್ಟ ಬಿಳಿ ಗುಳಿಗೆ, ‘ಪುಡಿ ಹತ್ತಲಿ ಅಂತ’.

ಇಂಥ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸಿಗುವ ಜೋಡಿ ವೈದ್ಯರಿಗೆ ಪರಿಚಿತ. ಒಂದು ಸಿಪ್ರೋಹೆಪ್ಟಡೀನ್: ಅಲರ್ಜಿಯ ಹಳೆಯ ಮಾತ್ರೆ, ನಿದ್ದೆ ಬರಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಇದೇ ಔಷಧವಿರುವ ಅಪೆಟಾಮಿನ್ ಎಂಬ ಸಿರಪ್ಪನ್ನು ಸೊಂಟ ತುಂಬಿಕೊಳ್ಳಲೆಂದು ಅಮೆರಿಕದ ಹೆಣ್ಣುಮಕ್ಕಳು ಕುಡಿಯತೊಡಗಿದ್ದಕ್ಕೆ ಅಲ್ಲಿನ ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತು. ಇನ್ನೊಂದು ಡೆಕ್ಸಾಮೆಥಾಸೋನ್: ಸ್ಟಿರಾಯ್ಡ್, ತೀರಾ ಅಗ್ಗ, ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಇದರ 0.75 ಮಿಲಿಗ್ರಾಂ ನಮ್ಮ ದೇಹದ ಸ್ವಂತ ಕಾರ್ಟಿಸಾಲ್‌ನ 20 ಮಿಲಿಗ್ರಾಂಗೆ ಸಮ. ಔಷಧದ ಮೇಲೆ ನನಗೆ ಸಿಟ್ಟಿಲ್ಲ. ಕೋವಿಡ್ ಕಾಲದಲ್ಲಿ, 2020ರ ಜೂನಿನಲ್ಲಿ, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆಂದು ಆಕ್ಸ್‌ಫರ್ಡ್‌ನ ಪ್ರಯೋಗ ತೋರಿಸಿಕೊಟ್ಟದ್ದು ಇದೇ ಡೆಕ್ಸಾಮೆಥಾಸೋನನ್ನು. ಅದಕ್ಕೊಂದು ಪ್ರಮಾಣ, ಒಂದು ಅವಧಿ ಇದೆ.

ಹೊಗಳಿಕೆಯ ತಿಂಗಳುಗಳು

ಮೊದಲ ತಿಂಗಳಿಗೇ ಹಸಿವು ಬಂತು. ನಾಲ್ಕು ರೊಟ್ಟಿ ತಿನ್ನುವವ ಏಳು ತಿಂದ. ಜ್ಯೇಷ್ಠದ ಹೊತ್ತಿಗೆ 60 ಕೆ.ಜಿ., ಶ್ರಾವಣಕ್ಕೆ 66. ಮುಖ ತುಂಬಿತು, ಕೆನ್ನೆ ಕೆಂಪಾದವು.

ಊರು ಖುಷಿಪಟ್ಟಿತು. “ಈಗ ನೋಡಪಾ, ಮಾರಿಗೆ ಕಳಿ ಬಂತು.” “ಗೌಡನಂಗ ಕಾಣಾಕತ್ತಿ.” ಹಿಂದೆ ಚೇಷ್ಟೆ ಮಾಡಿದ್ದ ಮುದುಕಿ ಕರೆದು ದೃಷ್ಟಿ ತೆಗೆದಳು. ಬಯೋಡಾಟಾದ ಫೋಟೊ ಬದಲಾಯಿತು. ಹುಡುಗ ಜನ್ಮದಲ್ಲಿ ಮೊದಲ ಸಲ ಸೆಲ್ಫಿ ತೆಗೆದುಕೊಳ್ಳತೊಡಗಿದ.

ಜನ ಹೊಗಳುತ್ತಿದ್ದದ್ದು ಒಂದು ರೋಗದ ಲಕ್ಷಣಗಳನ್ನು. ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1912ರಲ್ಲಿ ಮೊದಲು ವಿವರಿಸಿದ, ಈಗ ಅವರ ಹೆಸರಿನಲ್ಲೇ ಇರುವ ಲಕ್ಷಣಕೂಟ ಇದು: ಗುಂಡು ಮುಖ, ನಡುಮೈಗೆ ಕೊಬ್ಬು, ಸೊರಗುವ ಕೈಕಾಲು, ತೆಳುವಾಗುವ ಚರ್ಮ, ಏರುವ ಸಕ್ಕರೆ ಮತ್ತು ಒತ್ತಡ. ಸ್ಟಿರಾಯ್ಡ್ ತೊಡೆ-ಭುಜಗಳ ಮಾಂಸವನ್ನು ಕರಗಿಸಿ, ಕೊಬ್ಬನ್ನು ಮುಖ, ಕುತ್ತಿಗೆ, ಹೊಟ್ಟೆಗೆ ಕೂಡಿಸುತ್ತದೆ. ಮೈಯಲ್ಲಿ ನೀರು ನಿಲ್ಲಿಸುತ್ತದೆ. ತಕ್ಕಡಿಗೆ ಇದ್ಯಾವುದೂ ಗೊತ್ತಾಗದು. ಪುಣೆಯ ಡಾ. ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಯುಡ್ಕಿನ್ 2004ರಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದ್ದರು. ಇಬ್ಬರ ಸೂಚ್ಯಂಕವೂ 22.3. ಮೈಕೊಬ್ಬು ಮಾತ್ರ ಒಬ್ಬರಿಗೆ ಶೇ 9.1, ನಮ್ಮವರಿಗೆ ಶೇ 21.2. ತೂಕದಿಂದ ಮೈಯ ಬಗ್ಗೆ ತಿಳಿಯುವುದು ಇಷ್ಟು ಕಡಿಮೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ನೋಡಿಲ್ಲ.

ಸುಳಿವುಗಳು ಇದ್ದವು. ಬೀಜದ ಹಂಗಾಮಿನಲ್ಲಿ ಏಣಿ ಹತ್ತಲು ತೊಡೆ ನಡುಗುತ್ತಿತ್ತು. ಬಯಲಿಗೆ ಕೂತರೆ ಏಳಲು ಕೈ ಊರಬೇಕು. ನಾಗರ ಪಂಚಮಿಯ ದಿನ ಗೆಳೆಯರು, ಈಗಂತೂ ಪೈಲ್ವಾನ ಆಗೀಯಲ್ಲ ಎಂದು ಜೋಳದ ಚೀಲ ಎತ್ತುವ ಪಂದ್ಯಕ್ಕೆ ಎಳೆದರು. ಕಳೆದ ವರ್ಷ ಎತ್ತಿದ್ದ ಚೀಲವೇ ಮೊಣಕಾಲಿನಿಂದ ಮೇಲಕ್ಕೆ ಬರಲಿಲ್ಲ. “ದಪ್ಪ ಆದ ಮ್ಯಾಲೆ ಆಲಸಿ ಆದ” ಎಂದು ನಕ್ಕರು. ಅವನೂ ನಕ್ಕ. ಮೊಡವೆಗೆ, ಗಜಕರ್ಣಕ್ಕೆ ಅಂಗಡಿಯ ಮುಲಾಮು ಹಚ್ಚಿಕೊಂಡ. ಬೀಜದಂಗಡಿಯ ಮಾಲೀಕರೊಬ್ಬರು ಮಾತ್ರ ಒಂದು ಸಲ ಕೇಳಿದ್ದರಂತೆ, ಮಾರಿ ಊದಿದಂಗ ಐತಲ್ಲೋ ಎಂದು. ಬೇರೆ ಯಾರಾದರೂ ಹಾಗೆ ಕೇಳಿದ್ದಾರಾ ಎಂದು ನಾನು ಕೇಳಿದೆ. ಇಲ್ಲವಂತೆ.

ಶ್ರಾವಣದಲ್ಲಿ ಸಂಬಂಧ ಕುದುರಿತು. ನಿಶ್ಚಿತಾರ್ಥಕ್ಕೆ ಹಾವೇರಿಯ ಏಲಕ್ಕಿ ಹಾರ ತರಿಸಿದರು. ದೀಪಾವಳಿಯಾದ ಮೇಲೆ ಮದುವೆ ಎಂದಾಯಿತು.

ಪುಡಿ ಬಿಟ್ಟ ಕಾರಣ

ಪುಡಿಯನ್ನು ಒಮ್ಮೆಲೇ ಬಿಟ್ಟದ್ದು ಭಯದಿಂದ, ಆ ಭಯವೂ ಮೈಯದ್ದೇ. ಹೊಟ್ಟೆಯ ನೇರಳೆ ಗೆರೆಗಳು ದಿನದಿನಕ್ಕೆ ಅಗಲವಾಗುತ್ತಿದ್ದವು. ಮದುವೆಯಾದ ಮೇಲೆ ಹೆಂಡತಿ ಅಂಗಿಯಿಲ್ಲದ ಮೈ ನೋಡುತ್ತಾಳಲ್ಲ, ಏನೆಂದುಕೊಂಡಾಳು? ತಾಯಿಗೂ ಹೇಳದೆ ಹಾಲನ್ನು ಹಿತ್ತಿಲ ಬಾಳೆಗೆ ಸುರಿದ, ಗುಳಿಗೆಗಳನ್ನು ಎಸೆದ. ವಾರ ತುಂಬುವುದರೊಳಗೆ ಹಾಸಿಗೆ ಹಿಡಿದ.

ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ತಯಾರಿಸುತ್ತವೆ. ಒತ್ತಡ, ಸಕ್ಕರೆ ಎರಡನ್ನೂ ಅದು ಹಿಡಿದು ನಿಲ್ಲಿಸುತ್ತದೆ. ಹೊರಗಿನಿಂದ ಬೇಕಾದಷ್ಟು ಬರುತ್ತಿದ್ದರೆ ಮಿದುಳು ಗ್ರಂಥಿಗೆ ಅಪ್ಪಣೆ ಕಳಿಸುವುದನ್ನೇ ಬಿಡುತ್ತದೆ. ತಿಂಗಳುಗಟ್ಟಲೆ ಟ್ಯಾಂಕರ್ ನೀರು ಬಂದ ಮನೆಯ ಬೋರ್‌ವೆಲ್ ಮೋಟರ್ ತುಕ್ಕು ಹಿಡಿದ ಹಾಗೆ. ಟ್ಯಾಂಕರ್ ನಿಂತ ದಿನ ನೀರಿಲ್ಲ.

ಹುಬ್ಬಳ್ಳಿಯಿಂದ ಬಂದ ವರದಿಯಲ್ಲಿ ಕಾರ್ಟಿಸಾಲ್ 1.1. ಬೆಳಗಿನ ಹೊತ್ತು 3ಕ್ಕಿಂತ ಕಡಿಮೆಯಿದ್ದರೆ ಗ್ರಂಥಿ ಕೆಲಸ ನಿಲ್ಲಿಸಿದೆ ಎಂದೇ ಹೆಚ್ಚುಕಡಿಮೆ ಅರ್ಥ. ಕುಶಿಂಗ್ ಮುಖದವನಿಗೆ ಕಾರ್ಟಿಸಾಲ್ ಹೆಚ್ಚಿರಬೇಕಲ್ಲವೇ ಎಂದು ಜೊತೆಗಿದ್ದ ಓದಿದ ನೆಂಟರೊಬ್ಬರು ಕೇಳಿದರು, ಸರಿಯಾದ ಪ್ರಶ್ನೆ. ಮೈ ತಾನೇ ಹೆಚ್ಚು ತಯಾರಿಸಿದ್ದರೆ ಹೆಚ್ಚಿರುತ್ತಿತ್ತು. ಡೆಕ್ಸಾಮೆಥಾಸೋನ್ ಕಾರ್ಟಿಸಾಲ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮುಖ ತುಂಬಿದೆ, ರಕ್ತ ಖಾಲಿ ಎಂದರೆ ಸ್ಟಿರಾಯ್ಡ್ ಹೊರಗಿನಿಂದಲೇ ಬಂದದ್ದು.

ಇಳಿಯುವ ಮೈ, ಏಳುವ ಮಾತು

ಚಿಕಿತ್ಸೆಯ ವೈದ್ಯಕೀಯ ಭಾಗ ಸರಳ. ಹೈಡ್ರೋಕಾರ್ಟಿಸೋನ್ ಮಾತ್ರೆ, ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ, ತಿಂಗಳುಗಳ ಮೇಲೆ ನಿಧಾನ ಇಳಿಕೆ. ಜ್ವರ ಬಂದರೆ ಮಾತ್ರೆ ಇಮ್ಮಡಿ, ವಾಂತಿಯಾದರೆ ಚುಚ್ಚುಮದ್ದು. ಜೇಬಿನಲ್ಲಿ ‘ಸ್ಟಿರಾಯ್ಡ್ ಅವಲಂಬಿತ’ ಎಂಬ ಕಾರ್ಡು.

ಕಷ್ಟವಾದದ್ದು ಬೇರೆ. ಮೈ ಇಳಿಯತೊಡಗಿತು. ಒಂದೂವರೆ ತಿಂಗಳಲ್ಲಿ 58. ಊರಿನ ಕಣ್ಣಿಗೆ ಇದು ಹೇಗೆ ಕಂಡಿರಬೇಕು ನೋಡಿ: ಮದುವೆ ಗೊತ್ತಾದ ಹುಡುಗ, ಆಸ್ಪತ್ರೆಗೆ ಹೋಗಿಬಂದ, ಸೊರಗಲು ಶುರು. “ಒಳಗ ಏನೋ ಐತಿ” ಎಂಬ ಮಾತು ಮತ್ತೆ ಎದ್ದಿತು, ಈ ಸಲ ಹೆಣ್ಣಿನ ಮನೆಯವರೆಗೂ ಹೋಯಿತು. ತಾಯಿ ಒಂದು ದಿನ ಬಂದು ಕೈ ಮುಗಿದರು: “ಮದುವಿ ಮುಗಿಯೂತನಕ ಅದನ್ನ ಕೊಡ್ಲೇನ್ರಿ? ಆಮ್ಯಾಲೆ ಬಿಡಿಸಿದ್ರಾತು.” ಮಗ ಸಾವಿನ ಬಾಗಿಲಿಗೆ ಹೋಗಿಬಂದದ್ದನ್ನು ಕಣ್ಣಾರೆ ಕಂಡವರು ಕೇಳಿದ ಮಾತು ಇದು. ಆಕೆ ದಡ್ಡಿಯಲ್ಲ. ಎರಡು ಭಯಗಳನ್ನು ತೂಗಿ ನೋಡಿದ್ದರು, ಅಷ್ಟೇ. ಊರಿನ ಬಾಯಿಯದ್ದು ಭಾರವಾಗಿತ್ತು.

ಹುಡುಗನೂ ಕುಗ್ಗಿದ. ಕನ್ನಡಿ ನೋಡುವುದನ್ನು ಬಿಟ್ಟ, ಸೆಲ್ಫಿಗಳನ್ನೆಲ್ಲ ಅಳಿಸಿದ, ಅಂಗಡಿಗೆ ಹೋಗಲು ಒಲ್ಲೆ ಎಂದ. ಸ್ಟಿರಾಯ್ಡ್ ಇಳಿಯುವಾಗ ಮನಸ್ಸು ಇಳಿಯುವುದುಂಟು. ಹಾಗಾಗಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡು ಬರಲು ಹೇಳಿದೆ. ತನ್ನ ಮೈ ಸಾಲದು, ಮಾಂಸಖಂಡ ಸಾಲದು ಎಂಬ ಗೀಳು ಮೈಯ ದೋಷದ ಗೀಳುರೋಗದ ಒಂದು ಬಗೆಯಾಗಿ 2013ರ ಅಮೆರಿಕನ್ ಮನೋರೋಗ ಕೈಪಿಡಿಯಲ್ಲಿ ಸೇರಿದೆ. ಇವನದು ಅದಲ್ಲ ಎಂದರು, ನನಗೂ ಹಾಗೇ ಅನ್ನಿಸಿತ್ತು. ಆ ಗೀಳಿನವರು ಇಲ್ಲದ ದೋಷ ಕಾಣುತ್ತಾರೆ, ಯಾರು ಸಮಾಧಾನ ಹೇಳಿದರೂ ನಂಬುವುದಿಲ್ಲ. ಇವನು ತಾನಾಗಿ ಏನನ್ನೂ ಕಲ್ಪಿಸಿಕೊಂಡಿರಲಿಲ್ಲ. ಜನ ಆಡಿದ್ದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದ.

ಒಂದು ಸಂಜೆ ಅವನೇ ಹೇಳಿದ: “ಬೈದಾಗ ಅಷ್ಟೇನು ಹತ್ತತಿರಲಿಲ್ರಿ ಸರ್, ಸಣ್ಣಾಂವ ಇದ್ದಾಗಿಂದ ರೂಢಿ ಆಗಿತ್ತು. ಆರು ತಿಂಗಳು ಎಲ್ಲಾರೂ ಮಾರಿ ನೋಡಿ ಖುಷಿ ಪಟ್ಟರಲ್ರಿ, ಅದನ್ನ ಬಿಡೂದು ಆಗವಲ್ದು.” ಪುಡಿಗೆ ಮುಂಚೆ ಈ ಹುಡುಗನಿಗೆ ತನ್ನ ಮೈಯ ಬಗ್ಗೆ ದ್ವೇಷವಿರಲಿಲ್ಲ, ಮುಜುಗರವಿತ್ತು. ದ್ವೇಷ ಹುಟ್ಟಿದ್ದು ಹೊಗಳಿಕೆ ನಿಂತ ಮೇಲೆ. ಈ ಪ್ರಕರಣವನ್ನು ಬರೆಯಬೇಕೆನ್ನಿಸಿದ್ದು ಆ ಒಂದು ಮಾತಿಗೆ. ಮೈಯನ್ನು ಹೀಗಳೆಯಬೇಡಿ ಎಂದು ಎಲ್ಲರೂ ಹೇಳುತ್ತಾರೆ. ದಪ್ಪಗಾದೆ, ಚೆಂದಾದೆ ಎಂಬ ಮಾತು ಮಾಡುವ ಕೆಲಸದ ಬಗ್ಗೆ ಯಾರೂ ಹೇಳುವುದಿಲ್ಲ. ಹೀಗಳೆದದ್ದು ಪುಡಿ ಶುರು ಮಾಡಿಸಿತು. ಆರು ತಿಂಗಳು ನಡೆಸಿದ್ದು, ಏಣಿ ಹತ್ತಲಾರದಾಗಲೂ ನಿಲ್ಲಿಸಗೊಡದೆ ನಡೆಸಿದ್ದು, ಹೊಗಳಿಕೆ.

ಮಾಡಿದ್ದು ದೊಡ್ಡ ಕೌನ್ಸೆಲಿಂಗ್ ಏನಲ್ಲ. ತೆಳ್ಳಗಿರುವುದೇ ಚೆಂದ ಎಂದು ಅವನಿಗೆ ಹೇಳಲು ಹೋಗಲಿಲ್ಲ, ನಂಬುತ್ತಿರಲಿಲ್ಲ. ತಕ್ಕಡಿಯನ್ನು ಬದಿಗಿಟ್ಟೆವು. ಬದಲಿಗೆ ಕುರ್ಚಿ: ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀ? ಮೊದಲ ಸಲ ಐದಕ್ಕೆ ಸುಸ್ತಾದ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಬೈಠಕ್, ದಿನಕ್ಕೆರಡು ಮೊಟ್ಟೆ, ಶೇಂಗಾ, ಮೊಳಕೆ ಹೆಸರುಕಾಳು. ಹನ್ನೊಂದು, ಹದಿನಾಲ್ಕು, ಹದಿನೇಳು. ಆ ಅಂಕಿಗಳನ್ನು ಅವನೇ ಮೊಬೈಲಿನಲ್ಲಿ ಬರೆದಿಟ್ಟುಕೊಂಡ.

ತಾಯಿಗೆ ಕೊಟ್ಟದ್ದು ಒಂದು ವಾಕ್ಯ. ಯಾರಾದರೂ ‘ಸೊರಗ್ಯಾನಲ್ಲ’ ಎಂದರೆ, “ಅದು ಮೈ ಅಲ್ಲ, ಬಾವು ಆಗಿತ್ತು, ಡಾಕ್ಟರು ಇಳಿಸ್ಯಾರ” ಎನ್ನಿ. ಬಾವು ಇಳಿಯಿತೆಂದರೆ ಯಾರೂ ಮರುಮಾತಾಡುವುದಿಲ್ಲ, ಅದು ಸುಳ್ಳೂ ಅಲ್ಲ. ನನ್ನ ಚೀಟಿಗಳಿಗಿಂತ ಆ ವಾಕ್ಯ ಹೆಚ್ಚು ಕೆಲಸ ಮಾಡಿತು. ಎರಡು ವಾರದಲ್ಲಿ ಅದು ಊರಿನ ಮಾತಾಗಿಹೋಗಿತ್ತು.

ಹೆಣ್ಣಿನ ತಂದೆ ನೇರವಾಗಿ ದವಾಖಾನೆಗೇ ಬಂದರು. ಹುಡುಗನನ್ನು ಕೇಳದೆ ಏನೂ ಹೇಳಲಾರೆ ಎಂದೆ. ಹುಡುಗ ಅದಕ್ಕೆ ಮುಂಚೆಯೇ ಹುಡುಗಿಗೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದ, ಗೆರೆಗಳ ವಿಷಯವನ್ನೂ. ಮರುದಿನ ಹುಡುಗನನ್ನೂ ಆ ತಂದೆಯನ್ನೂ ಕೂರಿಸಿಕೊಂಡು ವಿವರಿಸಿದೆ. ತಂದೆ ಕೇಳಿದ್ದು ಎರಡೇ ಪ್ರಶ್ನೆ: ಮಕ್ಕಳಾಗುತ್ತವೋ ಇಲ್ಲವೋ, ಮಾತ್ರೆ ಜೀವನಪೂರ್ತಿಯೋ. ತೊಂದರೆಯಿಲ್ಲ, ಜೀವನಪೂರ್ತಿ ಬೇಕಾಗಲಿಕ್ಕಿಲ್ಲ ಎಂದೆ. ಎದ್ದು ಹೋಗುವಾಗ ಹುಡುಗನಿಗೆ ಹೇಳಿದರು, “ನಾವು ಒಪ್ಪಿದ್ದು ಅಂಗಡ್ಯಾಗ ನಿನಗ ಪಾಲು ಕೊಡ್ತಾರಂತ ಮಾಲಕರು ಹೇಳಿದ್ದಕ್ಕಪಾ. ನೀ ದಪ್ಪ ಇದ್ದೀ, ಸಣ್ಣ ಇದ್ದೀ ಅನ್ನೂದು ನಾ ನೋಡೇ ಇಲ್ಲ.”

ಈಗ

ಮದುವೆ ಮಾಘಕ್ಕೆ ಹೋಯಿತು, ಆಯಿತು. ಹೈಡ್ರೋಕಾರ್ಟಿಸೋನ್ ಈಗ ಪೂರ್ತಿ ನಿಂತಿದೆ, ಬೆಳಗಿನ ಕಾರ್ಟಿಸಾಲ್ 12. ಸಕ್ಕರೆ, ಒತ್ತಡ ಸರಿಯಿವೆ. ಹೊಟ್ಟೆಯ ಗೆರೆಗಳು ನೇರಳೆ ಬಿಟ್ಟು ಬೆಳ್ಳಗಾಗಿವೆ, ಹೋಗುವುದಿಲ್ಲ. ತೂಕ 54, ಯುಗಾದಿಗಿಂತ ಮೂರು ಕೆ.ಜಿ. ಹೆಚ್ಚು, ಅದರಲ್ಲಿ ತೊಡೆಯ ಮಾಂಸವೂ ಇದೆ.

ಡಬ್ಬಿಯ ಫೋಟೊ, ಉಳಿದ ಪುಡಿಯ ಜೊತೆ ಜಿಲ್ಲೆಯ ಔಷಧ ನಿಯಂತ್ರಣದವರಿಗೆ ದೂರು ಕೊಟ್ಟೆವು. ಔಷಧದ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಗೂ ವರದಿ ಹೋಯಿತು. ರೋಗಿಗಳೇ ನೇರವಾಗಿ 1800-180-3024ಕ್ಕೆ ಕರೆ ಮಾಡಿ ಹೇಳಬಹುದು, ವೈದ್ಯರೇ ಬೇಕೆಂದಿಲ್ಲ. ಇಂಥ ಪುಡಿಯನ್ನು ಈಗ ಸೇವಿಸುತ್ತಿರುವವರು ಇದನ್ನು ಓದಿ ಗಾಬರಿಯಿಂದ ಇವತ್ತೇ ನಿಲ್ಲಿಸಬಾರದು. ಡಬ್ಬಿ ಹಿಡಿದುಕೊಂಡು ಹತ್ತಿರದ ಎಂ.ಬಿ.ಬಿ.ಎಸ್. ವೈದ್ಯರಲ್ಲಿಗೆ ಹೋಗಬೇಕು, ಆ ದಿನವೇ.

ತಾಯಿ ಮೊನ್ನೆ ಸೊಸೆಯನ್ನು ಕರೆದುಕೊಂಡು ಬಂದಿದ್ದರು, ಕೆಮ್ಮಿಗೆ. ಬೀಗರು ಹೇಳಿದ ಅಂಗಡಿಯ ಪಾಲಿನ ಮಾತನ್ನು ಆಕೆ ಇನ್ನೂ ನಂಬಿಲ್ಲ. ಆ ಆರು ತಿಂಗಳು ಮೈ ತುಂಬಿದ್ದಕ್ಕೇ ಸಂಬಂಧ ಕೂಡಿತೆಂಬುದು ಆಕೆಯ ಲೆಕ್ಕ. ಚೀಟಿ ಬರೆದು ಮುಗಿಸುವಷ್ಟರಲ್ಲಿ ಕೇಳಿದರು, “ಇಕಿನೂ ಸ್ವಲ್ಪ ತೆಳ್ಳಗ ಅದಾಳಲ್ರಿ, ಏನರ ಟಾನಿಕ್ ಬರೀತೀರೇನು?” ಸೊಸೆ ಅತ್ತೆಯ ಕೈ ಹಿಡಿದು ಎಬ್ಬಿಸಿದಳು. “ಬ್ಯಾಡ್ರಿ ಸರ್,” ಎಂದಳು, “ಕೆಮ್ಮಿನದಷ್ಟ ಕೊಡ್ರಿ.”